ಚೆಲ್ಲಿದ ಚಹಾ ಮತ್ತು ಚಲನೆಯ ಮೂರು ನಿಯಮಗಳು

(ನಮ್ಮ ಬಾನುಲಿಯ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪೂರ್ಣ ಪಾಠ)



ವಿಜ್ಞಾನದ ಭಾಷಣ ಎಂದ ಕೂಡಲೆ ದಯವಿಟ್ಟು ರೇಡಿಯೋದ ಗುಂಡಿ ತಿರುಗಿಸಬೇಡಿ. ನಾನು ಸೂತ್ರದಿಂದ ಆರಂಭಿಸುವುದಿಲ್ಲ, ಒಂದು ಲೋಟ ಚಹಾದಿಂದ ಆರಂಭಿಸುತ್ತೇನೆ.

1980ರ ದಶಕದಲ್ಲಿ ನಾನು ಈ ಊರಿನ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ಬಂದ ಹುಡುಗರೇ ಹೆಚ್ಚು. ಒಂದು ರಾತ್ರಿ ಚಲನೆಯ ನಿಯಮಗಳ ಪಾಠ ನಡೆದಿತ್ತು. ಹಿಂದಿನ ಬೆಂಚಿನಲ್ಲಿದ್ದ ಹುಡುಗನೊಬ್ಬ ಎದ್ದು ನಿಂತು, "ಮಾಷ್ಟ್ರೇ, ನಾನು ಚಹಾ ಹಿಡಿದುಕೊಂಡು ಬೇಗ ಬೇಗ ಹೋಗುವಾಗ ಯಾರಾದರೂ ಅಡ್ಡ ಬಂದು ತಟ್ಟನೆ ನಿಂತರೆ ಚಹಾ ಮುಂದಕ್ಕೇ ಚೆಲ್ಲುತ್ತದೆ. ಹಿಂದಕ್ಕೆ ಯಾಕೆ ಚೆಲ್ಲುವುದಿಲ್ಲ?" ಎಂದು ಕೇಳಿದ. ನನಗೆ ಆ ದಿನ ಪಾಠ ಮುಗಿಸುವ ಅವಸರ. "ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ" ಎಂದುಬಿಟ್ಟೆ. ಅವನು ಕೂತ. ಆ ವರ್ಷ ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ವರ್ಷದ ಕೊನೆಗೆ ಬೇರೆ ಊರಿಗೆ ಕೆಲಸಕ್ಕೆ ಹೊರಟುಹೋದ.

ಬಂಧುಗಳೆ, ನಾನು ಅಂದು ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದ ಮೊದಲನೆಯ ನಿಯಮಕ್ಕೆ ಅವನ ಪ್ರಶ್ನೆಗಿಂತ ಒಳ್ಳೆಯ ಉದಾಹರಣೆ ಬೇಕಿರಲಿಲ್ಲ. ಅದು ನನಗೆ ಹೊಳೆದದ್ದು ಮನೆಗೆ ಹೋಗುವ ಲೋಕಲ್ ಗಾಡಿಯಲ್ಲಿ, ಬ್ರೇಕು ಬಿದ್ದು ನಾನೇ ಮುಂದಿನವರ ಮೇಲೆ ವಾಲಿದಾಗ. ಅಂದು ಕೊಡದೆ ಹೋದ ಉತ್ತರವನ್ನು ಇಂದು ನಿಮ್ಮ ಮುಂದೆ ಹೇಳುತ್ತೇನೆ. ಅದು ಸಿದ್ಧವಾಗಲು ಮನುಷ್ಯಕುಲಕ್ಕೆ ಎರಡು ಸಾವಿರ ವರ್ಷ ಹಿಡಿಯಿತು. ಆ ಕಥೆಯನ್ನೂ ಸ್ವಲ್ಪ ಕೇಳಿ.

ಗ್ರೀಸ್ ದೇಶದ ಅರಿಸ್ಟಾಟಲ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದವನು. ಯಾವುದೇ ವಸ್ತು ಚಲಿಸುತ್ತಿರಬೇಕಾದರೆ ಅದನ್ನು ತಳ್ಳುವ ಒಂದು ಶಕ್ತಿ ಸದಾ ಇರಬೇಕು, ತಳ್ಳುವುದು ನಿಂತರೆ ಚಲನೆಯೂ ನಿಲ್ಲುತ್ತದೆ ಎಂಬುದು ಅವನ ಮತ. ಭಾರದ ವಸ್ತು ಹಗುರದ್ದಕ್ಕಿಂತ ಬೇಗ ಬೀಳುತ್ತದೆ ಎಂದೂ ಹೇಳಿದ. ನಾವು ಇಂದು ಅವನನ್ನು ನೋಡಿ ನಗಬೇಕಾಗಿಲ್ಲ. ಎತ್ತು ನಿಂತರೆ ಬಂಡಿ ನಿಲ್ಲುತ್ತದೆ. ಕಲ್ಲು ದೊಪ್ಪನೆ ಬೀಳುತ್ತದೆ, ಎಲೆ ತೇಲುತ್ತಾ ಬರುತ್ತದೆ. ಕಣ್ಣಿಗೆ ಕಂಡದ್ದನ್ನೇ ಅವನು ಹೇಳಿದ. ಕಾಣದೇ ಇದ್ದದ್ದು ಘರ್ಷಣೆ ಮತ್ತು ಗಾಳಿಯ ತಡೆ. ಬಂಡಿ ತನ್ನಷ್ಟಕ್ಕೆ ನಿಲ್ಲುವುದಲ್ಲ, ನೆಲ ಮತ್ತು ಅಚ್ಚು ಸೇರಿ ಅದನ್ನು ನಿಲ್ಲಿಸುತ್ತವೆ ಎಂಬುದನ್ನು ಕಾಣಲು ಬೇರೆಯದೇ ದೃಷ್ಟಿ ಬೇಕಾಗಿತ್ತು.

ಅರಿಸ್ಟಾಟಲನನ್ನು ಪ್ರಶ್ನಿಸಿದವರು ನಡುವೆ ಇರಲಿಲ್ಲವೆಂದಲ್ಲ. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಫಿಲೊಪೊನಸ್, ತೂಕದಲ್ಲಿ ಬಹಳ ಅಂತರವಿರುವ ಎರಡು ವಸ್ತುಗಳನ್ನು ಒಂದೇ ಎತ್ತರದಿಂದ ಬಿಟ್ಟರೂ ಅವು ನೆಲ ಮುಟ್ಟುವ ಕಾಲದಲ್ಲಿ ಅಂತರ ಅತ್ಯಲ್ಪ ಎಂದು ಬರೆದ. ಹದಿನಾಲ್ಕನೆಯ ಶತಮಾನದಲ್ಲಿ ಪ್ಯಾರಿಸಿನ ಬುರಿಡಾನ್, ಎಸೆದ ಕಲ್ಲು ಕೈಬಿಟ್ಟ ಮೇಲೂ ಮುಂದೆ ಹೋಗುವುದಕ್ಕೆ ಎಸೆದವನು ಅದರೊಳಗೆ ತುಂಬಿದ ಒಂದು ಒತ್ತಾಸೆಯೇ ಕಾರಣ ಎಂದ. ನಮ್ಮ ಆರ್ಯಭಟ 499ರಷ್ಟು ಹಿಂದೆಯೇ, ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡದ ಮೇಲಿನವು ಹಿಂದಕ್ಕೆ ಸರಿದಂತೆ ಕಾಣುವ ಹೋಲಿಕೆಯನ್ನು ಭೂಮಿಯ ತಿರುಗುವಿಕೆಗೆ ಕೊಟ್ಟಿದ್ದ. ಆದರೆ ಇವೆಲ್ಲ ಬಿಡಿ ಬಿಡಿ ಹೊಳಹುಗಳು. ಇವನ್ನು ಅಳತೆಗೆ ತಂದು ನಿಲ್ಲಿಸುವ ಕೆಲಸ ಬಾಕಿ ಇತ್ತು.

ಆ ಕೆಲಸಕ್ಕೆ ಕೈ ಹಚ್ಚಿದವನು ಗೆಲಿಲಿಯೊ. 1564ರಲ್ಲಿ ಇಟಲಿಯ ಪೀಸಾದಲ್ಲಿ ಹುಟ್ಟಿದ. ತಂದೆ ವಿನ್ಸೆಂಜೊ ತಂತಿವಾದ್ಯದ ಸಂಗೀತಗಾರ. ಪೀಸಾದ ವಾಲಿದ ಗೋಪುರದಿಂದ ಗೆಲಿಲಿಯೊ ಎರಡು ಗುಂಡುಗಳನ್ನು ಬೀಳಿಸಿದ ಕಥೆ ನಮಗೆಲ್ಲ ಶಾಲೆಯಲ್ಲಿ ಬಾಯಿಪಾಠವಾಗಿದೆ. ಅದನ್ನು ಬರೆದವನು ಅವನ ಶಿಷ್ಯ ವಿವಿಯಾನಿ. ಗೆಲಿಲಿಯೊ ತಾನಾಗಿ ಎಲ್ಲೂ ಹಾಗೆ ಬರೆದಿಲ್ಲವಾದ್ದರಿಂದ ಇತಿಹಾಸಕಾರರು ಅದನ್ನು ಪೂರ್ತಿ ನಂಬುವುದಿಲ್ಲ. ಆದರೆ ಅವನು ನಿಜವಾಗಿ ಮಾಡಿದ ಪ್ರಯೋಗ ಅದಕ್ಕಿಂತ ಸೊಗಸಾದದ್ದು.

ನೇರವಾಗಿ ಬೀಳುವ ವಸ್ತು ಕಣ್ಣು ಮುಚ್ಚಿ ತೆರೆಯುವುದರೊಳಗೆ ನೆಲ ಮುಟ್ಟುತ್ತದೆ. ಸೆಕೆಂಡು ತೋರಿಸುವ ಗಡಿಯಾರ ಆಗ ಎಲ್ಲಿತ್ತು? ಆದ್ದರಿಂದ ಗೆಲಿಲಿಯೊ ಬೀಳುವಿಕೆಯನ್ನೇ ನಿಧಾನ ಮಾಡಿದ. ಉದ್ದನೆಯ ಮರದ ತೊಲೆಯಲ್ಲಿ ಸಣ್ಣ ಕಾಲುವೆಯಂತೆ ಕೊರೆಸಿ, ಅದನ್ನು ನುಣುಪು ಮಾಡಿಸಿ, ತೊಗಲಿನ ಹಾಳೆ ಅಂಟಿಸಿ, ತೊಲೆಯ ಒಂದು ತುದಿಯನ್ನು ಎತ್ತರಿಸಿ, ಕಂಚಿನ ಗುಂಡನ್ನು ಉರುಳಿಬಿಟ್ಟ. ಕಾಲವನ್ನು ಅಳೆದದ್ದು ನೀರಿನಿಂದ. ದೊಡ್ಡ ಪಾತ್ರೆಯಿಂದ ಸಣ್ಣ ಕೊಳವೆಯಲ್ಲಿ ಬೀಳುವ ನೀರನ್ನು ಲೋಟದಲ್ಲಿ ಹಿಡಿದು ತಕ್ಕಡಿಯಲ್ಲಿ ತೂಗುತ್ತಿದ್ದ. ಗುಂಡು ಉರುಳುವಷ್ಟು ಹೊತ್ತಿನಲ್ಲಿ ಎಷ್ಟು ನೀರು ಬಿತ್ತೋ ಅಷ್ಟು ಕಾಲ. ಫಲಿತಾಂಶ ಏನು ಬಂತು? ಮೊದಲ ಕ್ಷಣದಲ್ಲಿ ಗುಂಡು 1 ಅಳತೆ ಸಾಗಿದರೆ ಎರಡನೆಯ ಕ್ಷಣದಲ್ಲಿ 3, ಮೂರನೆಯದರಲ್ಲಿ 5, ನಾಲ್ಕನೆಯದರಲ್ಲಿ 7. ಕೂಡಿಸುತ್ತಾ ಹೋಗಿ: 1, 4, 9, 16. ಅಂದರೆ ಸಾಗಿದ ದೂರ ಕಾಲದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಬೀಳುವ ವಸ್ತುವಿನ ಚಲನೆ ಅಂಕೆ ಸಂಖ್ಯೆಗೆ ಸಿಕ್ಕಿತು.

ಇನ್ನೊಂದು ಯೋಚನೆ ಅವನದು. ಇಳಿಜಾರಿನಲ್ಲಿ ಉರುಳಿದ ಗುಂಡು ಎದುರಿನ ಏರಿನಲ್ಲಿ ಹೆಚ್ಚುಕಡಿಮೆ ಹೊರಟ ಎತ್ತರದವರೆಗೇ ಏರುತ್ತದೆ. ಏರನ್ನು ತಗ್ಗಿಸಿದರೆ ಅದೇ ಎತ್ತರ ಮುಟ್ಟಲು ಹೆಚ್ಚು ದೂರ ಓಡಬೇಕಾಗುತ್ತದೆ. ಇನ್ನೂ ತಗ್ಗಿಸಿದರೆ ಇನ್ನೂ ದೂರ. ಪೂರ್ತಿ ಸಮತಟ್ಟು ಮಾಡಿಬಿಟ್ಟರೆ? ಏರುವ ಎತ್ತರ ಸಿಗುವುದೇ ಇಲ್ಲ, ತಡೆಯುವವರು ಇಲ್ಲದಿದ್ದರೆ ಗುಂಡು ಓಡುತ್ತಲೇ ಇರುತ್ತದೆ. ಅರಿಸ್ಟಾಟಲನ ಮಾತು ತಲೆಕೆಳಗಾದದ್ದು ಇಲ್ಲಿ. ಓಡುತ್ತಿರುವುದಕ್ಕೆ ಕಾರಣ ಬೇಡ, ನಿಲ್ಲುವುದಕ್ಕೆ ಕಾರಣ ಬೇಕು!

1632ರಲ್ಲಿ ಅವನ ಸಂವಾದ ರೂಪದ ಗ್ರಂಥ ಹೊರಬಂತು. ಭೂಮಿ ಸೂರ್ಯನ ಸುತ್ತ ತಿರುಗುತ್ತಿದ್ದರೆ ನಾವೆಲ್ಲ ಹಾರಿ ಬೀಳಬೇಕಲ್ಲವೆ ಎನ್ನುವವರಿಗೆ ಅದರಲ್ಲಿ ಒಂದು ಹಡಗಿನ ಉದಾಹರಣೆ ಇದೆ. ಒಂದೇ ವೇಗದಲ್ಲಿ ನೇರ ಸಾಗುವ ಹಡಗಿನ ಕೋಣೆಯೊಳಗೆ ಚಿಟ್ಟೆಗಳು ಎಂದಿನಂತೆಯೇ ಹಾರುತ್ತವೆ, ನೀರಿನ ಹನಿ ನೆಟ್ಟಗೆ ಕೆಳಗೇ ಬೀಳುತ್ತದೆ. ಹಡಗು ಓಡುತ್ತಿದೆಯೋ ನಿಂತಿದೆಯೋ ಒಳಗಿದ್ದವರಿಗೆ ತಿಳಿಯುವುದಿಲ್ಲ. ನಮಗೆ ಹಡಗು ಬೇಡ, ಪುಣೆಗೆ ಹೋಗುವ ರೈಲು ಸಾಕು. ಗಾಡಿ ಒಂದೇ ವೇಗದಲ್ಲಿ ನೇರ ಓಡುವಾಗ ಕುಳಿತಲ್ಲಿಯೇ ನಾಣ್ಯವನ್ನು ಮೇಲಕ್ಕೆ ಚಿಮ್ಮಿ ನೋಡಿ. ಅದು ಹಿಂದಿನ ಸೀಟಿಗೆ ಹೋಗುವುದಿಲ್ಲ, ನಿಮ್ಮ ಕೈಗೇ ಬರುತ್ತದೆ.

ಆ ಪುಸ್ತಕಕ್ಕಾಗಿ 1633ರಲ್ಲಿ ಗೆಲಿಲಿಯೊನ ವಿಚಾರಣೆ ನಡೆಯಿತು. ಸುಮಾರು ಎಪ್ಪತ್ತರ ವಯಸ್ಸಿನ ಮುದುಕ ಮಂಡಿಯೂರಿ ತನ್ನ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಉಳಿದ ಬದುಕೆಲ್ಲ ಗೃಹಬಂಧನ. ಆದರೂ ಅವನು ಸುಮ್ಮನೆ ಕೂರಲಿಲ್ಲ. ಚಲನೆಯ ಬಗ್ಗೆ ಜೀವನದುದ್ದಕ್ಕೂ ಮಾಡಿದ ಕೆಲಸವನ್ನು ಬರೆದು ಮುಗಿಸಿದ. ಇಟಲಿಯಲ್ಲಿ ಅಚ್ಚು ಹಾಕಿಸುವಂತಿರಲಿಲ್ಲ. 1638ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಅದು ಅಚ್ಚಾಯಿತು. ಅಷ್ಟರಲ್ಲಿ ಅವನ ಕಣ್ಣುಗಳು ಹೋಗಿದ್ದವು. 1642ರ ಜನವರಿಯಲ್ಲಿ ತೀರಿಕೊಂಡ.

ಇದೇ ಕಾಲದಲ್ಲಿ ಉತ್ತರದಲ್ಲಿ ಇನ್ನೊಬ್ಬ ಲೆಕ್ಕಾಚಾರದಲ್ಲಿ ಮುಳುಗಿದ್ದ. ಅವನು ಯೊಹಾನೆಸ್ ಕೆಪ್ಲರ್. ಟೈಕೊ ಬ್ರಾಹೆ ಎಂಬ ಡೆನ್ಮಾರ್ಕಿನ ಶ್ರೀಮಂತ ದೂರದರ್ಶಕ ಬರುವ ಮೊದಲೇ ಬರಿಗಣ್ಣಿನಿಂದ ವರ್ಷಗಟ್ಟಲೆ ಮಂಗಳ ಗ್ರಹವನ್ನು ಅಳೆದಿಟ್ಟಿದ್ದ. ಅವನು 1601ರಲ್ಲಿ ತೀರಿಕೊಂಡ ಮೇಲೆ ಆ ಲೆಕ್ಕ ಕೆಪ್ಲರನ ಕೈಗೆ ಬಂತು. ಗ್ರಹ ವೃತ್ತದಲ್ಲಿ ಸುತ್ತುತ್ತದೆ ಎಂಬ ನಂಬಿಕೆಯಲ್ಲಿ ಲೆಕ್ಕ ಹಾಕಿದರೆ ಒಂದು ಕಡೆ ಎಂಟು ಕಲೆಗಳಷ್ಟು ವ್ಯತ್ಯಾಸ ಬಂತು. ಹುಣ್ಣಿಮೆ ಚಂದ್ರನ ಅಗಲದ ಸುಮಾರು ಕಾಲು ಭಾಗ, ಅಷ್ಟೇ. ಬೇರೆಯವರಾದರೆ ಅಳತೆಯ ತಪ್ಪು ಎಂದು ಬಿಟ್ಟುಬಿಡುತ್ತಿದ್ದರು. ಟೈಕೊ ಅಷ್ಟು ತಪ್ಪು ಮಾಡುವವನಲ್ಲ ಎಂದು ಕೆಪ್ಲರ್ ತನ್ನ ವೃತ್ತವನ್ನೇ ಬಿಟ್ಟ. 1609ರಲ್ಲಿ ಗ್ರಹಗಳ ದಾರಿ ದೀರ್ಘವೃತ್ತ ಎಂದು ಸಾರಿದ. 1619ರಲ್ಲಿ, ಸುತ್ತಲು ಬೇಕಾದ ಕಾಲಕ್ಕೂ ಸೂರ್ಯನಿಂದಿರುವ ದೂರಕ್ಕೂ ಇರುವ ಸಂಬಂಧವನ್ನು ಕೊಟ್ಟ. ಈ ವರ್ಷಗಳಲ್ಲಿಯೇ ಅವನ ಮುದಿ ತಾಯಿಯ ಮೇಲೆ ಮಾಟಗಾತಿಯೆಂಬ ಆರೋಪ ಬಂದು ಆಕೆ ಸೆರೆಮನೆ ಸೇರಿದ್ದಳು. ಕೆಪ್ಲರ್ ತಾನೇ ನಿಂತು ವಾದಿಸಿ 1621ರಲ್ಲಿ ತಾಯಿಯನ್ನು ಬಿಡಿಸಿಕೊಂಡ. ಗ್ರಹಗಳ ನಿಯಮ ಬರೆದವನ ಮನೆಯ ಸ್ಥಿತಿ ಅದು.

ಮುಂದೆ ಫ್ರಾನ್ಸಿನ ಡೇಕಾರ್ಟ್ 1644ರಲ್ಲಿ, ತಡೆಯಿಲ್ಲದ ವಸ್ತು ನೇರ ಗೆರೆಯಲ್ಲಿಯೇ ಸಾಗುತ್ತದೆ ಎಂಬುದನ್ನು ಸ್ಪಷ್ಟ ಮಾಡಿದ. ಹಾಲೆಂಡಿನ ಹೈಗೆನ್ಸ್ 1656ರಲ್ಲಿ ಲೋಲಕದ ಗಡಿಯಾರ ಮಾಡಿದ, ವೃತ್ತದಲ್ಲಿ ಸುತ್ತುವ ವಸ್ತುವಿಗೆ ಎಷ್ಟು ಸೆಳೆತ ಬೇಕೆಂದು ಲೆಕ್ಕ ಹಾಕಿದ. ಇಟ್ಟಿಗೆ, ಗಾರೆ, ಮರ ಎಲ್ಲ ಬಂದು ಬಿದ್ದಿತ್ತು. ಮನೆ ಕಟ್ಟುವವನು ಬರಬೇಕಾಗಿತ್ತು.

ಐಸಾಕ್ ನ್ಯೂಟನ್ ಹುಟ್ಟಿದ್ದು ಇಂಗ್ಲೆಂಡಿನ ವೂಲ್ಸ್‌ಥಾರ್ಪ್ ಎಂಬ ಹಳ್ಳಿಯಲ್ಲಿ, ಅವರ ಅಂದಿನ ಪಂಚಾಂಗದ ಪ್ರಕಾರ 1642ರ ಕ್ರಿಸ್ಮಸ್ ದಿನ. ಹುಟ್ಟುವ ಮೊದಲೇ ತಂದೆ ಇಲ್ಲ. ಮೂರು ವರ್ಷದವನಿದ್ದಾಗ ತಾಯಿ ಮರುಮದುವೆಯಾಗಿ ಹೋದಳು, ಹುಡುಗ ಅಜ್ಜಿಯ ಬಳಿ ಬೆಳೆದ. 1661ರಲ್ಲಿ ಕೇಂಬ್ರಿಜ್ ಸೇರಿದ. 1665ರಲ್ಲಿ ಪ್ಲೇಗು ಬಂದು ವಿಶ್ವವಿದ್ಯಾಲಯ ಮುಚ್ಚಿದಾಗ ಹಳ್ಳಿಗೆ ಮರಳಿದ. ಸೇಬಿನ ಹಣ್ಣು ಬಿದ್ದದ್ದನ್ನು ಕಂಡು ಯೋಚನೆ ಬಂದದ್ದು ಆಗ ಎಂದು ಅವನೇ ಮುದಿ ವಯಸ್ಸಿನಲ್ಲಿ ಸ್ನೇಹಿತನೊಬ್ಬನಿಗೆ ಹೇಳಿದ್ದಾನೆ. ತಲೆಯ ಮೇಲೆ ಬಿತ್ತು ಎಂಬುದು ಮಾತ್ರ ನಮ್ಮ ಸೇರ್ಪಡೆ!

ಆದರೆ ನ್ಯೂಟನ್ ತನಗೆ ತಿಳಿದದ್ದನ್ನು ಪ್ರಕಟಿಸುವ ಸ್ವಭಾವದವನಲ್ಲ. ಬರೆದು ಪೆಟ್ಟಿಗೆಯಲ್ಲಿಡುವವನು. ಅದನ್ನು ಹೊರಗೆ ತೆಗೆಸಿದವನು ಎಡ್ಮಂಡ್ ಹ್ಯಾಲಿ. 1684ರ ಜನವರಿಯಲ್ಲಿ ಲಂಡನ್ನಿನಲ್ಲಿ ಮೂವರು ಮಾತಿಗೆ ಕೂತಿದ್ದರು: ಹ್ಯಾಲಿ, ರಾಬರ್ಟ್ ಹುಕ್ ಮತ್ತು ವಾಸ್ತುಶಿಲ್ಪಿ ಕ್ರಿಸ್ಟೊಫರ್ ರೆನ್. ಸೂರ್ಯನ ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತಾ ಹೋದರೆ ಗ್ರಹದ ದಾರಿ ಹೇಗಿರುತ್ತದೆ ಎಂಬುದು ಪ್ರಶ್ನೆ. ನನಗೆ ಗೊತ್ತಿದೆ ಎಂದ ಹುಕ್. ಎರಡು ತಿಂಗಳೊಳಗೆ ಸಾಧಿಸಿ ತೋರಿಸಿದವರಿಗೆ 40 ಶಿಲ್ಲಿಂಗಿನ ಪುಸ್ತಕ ಕೊಡುತ್ತೇನೆ ಎಂದ ರೆನ್. ಯಾರಿಂದಲೂ ಆಗಲಿಲ್ಲ. ಆಗಸ್ಟಿನಲ್ಲಿ ಹ್ಯಾಲಿ ಕೇಂಬ್ರಿಜ್‌ಗೆ ಹೋಗಿ ನ್ಯೂಟನನನ್ನು ಕೇಳಿದ. ದೀರ್ಘವೃತ್ತ, ನಾನು ಲೆಕ್ಕ ಮಾಡಿದ್ದೇನೆ ಎಂಬ ಉತ್ತರ ತಕ್ಷಣ ಬಂತು. ಕಾಗದ ತೋರಿಸು ಎಂದರೆ ಹುಡುಕಿದರೂ ಸಿಗಲಿಲ್ಲ! ಮತ್ತೆ ಬರೆದು ಕಳುಹಿಸುತ್ತೇನೆ ಎಂದ. ಆ ಮರುಬರಹವೇ ಬೆಳೆಯುತ್ತಾ 1687ರ ಜುಲೈಯಲ್ಲಿ ಪ್ರಿನ್ಸಿಪಿಯಾ ಎಂಬ ಮಹಾಗ್ರಂಥವಾಯಿತು.

ಅದು ಅಚ್ಚಾದದ್ದೂ ಒಂದು ಕಥೆ. ರಾಯಲ್ ಸೊಸೈಟಿ ಅಚ್ಚು ಹಾಕಿಸಬೇಕಿತ್ತು. ಆದರೆ ಅದರ ಹಿಂದಿನ ವರ್ಷ ಮೀನುಗಳ ಚರಿತ್ರೆ ಎಂಬ ದೊಡ್ಡ ಸಚಿತ್ರ ಪುಸ್ತಕ ತಂದು, ಅದು ಮಾರಾಟವಾಗದೆ ಸೊಸೈಟಿಯ ತಿಜೋರಿ ಖಾಲಿಯಾಗಿತ್ತು. ಹ್ಯಾಲಿ ತನ್ನ ಕೈಯಿಂದ ಹಣ ಹಾಕಿದ, ಕರಡು ತಿದ್ದಿದ. ಅದೇ ಸೊಸೈಟಿಯ ನೌಕರನಾಗಿದ್ದ ಅವನಿಗೆ ಸಂಬಳದ ಬದಲು ಸಿಕ್ಕಿದ್ದು ಆ ಮೀನಿನ ಪುಸ್ತಕದ 50 ಪ್ರತಿಗಳು! ಇದರ ನಡುವೆ ಆ ಸೆಳೆತದ ನಿಯಮ ನನ್ನದು ಎಂದು ಹುಕ್ ತಗಾದೆ ತೆಗೆದ. 1679ರಲ್ಲಿ ಹುಕ್ ಬರೆದ ಪತ್ರಗಳು ನ್ಯೂಟನನ ಯೋಚನೆಗೆ ದಾರಿ ತೋರಿದ್ದು ನಿಜ. ಆದರೆ ಗಣಿತದಿಂದ ಸಾಧಿಸಿದ್ದು ನ್ಯೂಟನ್. ಸಿಟ್ಟಿಗೆದ್ದ ನ್ಯೂಟನ್ ಪುಸ್ತಕದ ಮೂರನೆಯ ಭಾಗವನ್ನೇ ಕೊಡುವುದಿಲ್ಲ ಎಂದ. ಹ್ಯಾಲಿ ತಾಳ್ಮೆಯಿಂದ ಪತ್ರ ಬರೆದು ಸಮಾಧಾನಪಡಿಸಿದ. ಪ್ರತಿಭೆ ನ್ಯೂಟನನದು, ತಾಳ್ಮೆ ಹ್ಯಾಲಿಯದು. ಎರಡೂ ಇಲ್ಲದಿದ್ದರೆ ಆ ಪುಸ್ತಕ ನಮಗೆ ಸಿಗುತ್ತಿರಲಿಲ್ಲ.

ಈಗ ಆ ಮೂರು ನಿಯಮಗಳನ್ನು ನೋಡೋಣ.

ಮೊದಲನೆಯದು: ಹೊರಗಿನ ಬಲ ತಾಗದಿದ್ದರೆ ನಿಂತ ವಸ್ತು ನಿಂತೇ ಇರುತ್ತದೆ, ಓಡುವ ವಸ್ತು ಅದೇ ವೇಗದಲ್ಲಿ ನೇರವಾಗಿ ಓಡುತ್ತಲೇ ಇರುತ್ತದೆ. ಈ ಗುಣಕ್ಕೆ ಜಡತ್ವ ಎಂದು ಹೆಸರು. ಹೋಟೆಲಿನ ಹುಡುಗ ತಟ್ಟನೆ ನಿಂತ. ಅವನ ಕೈ ಹಿಡಿದ ಲೋಟವೂ ನಿಂತಿತು. ಆದರೆ ಒಳಗಿನ ಚಹಾ ಅವನ ಜೊತೆಯಲ್ಲಿ ಅದೇ ವೇಗದಲ್ಲಿ ಬರುತ್ತಿತ್ತು, ಅದನ್ನು ಯಾರೂ ಹಿಡಿದಿರಲಿಲ್ಲ. ಅದು ಮುಂದಕ್ಕೇ ಹೋಯಿತು, ಲೋಟದ ಅಂಚು ದಾಟಿತು. ಅದೇ ಹುಡುಗ ನಿಂತಲ್ಲಿಂದ ಒಮ್ಮೆಗೇ ಓಡಿದ್ದರೆ ಚಹಾ ಹಿಂದಕ್ಕೆ ಚೆಲ್ಲುತ್ತಿತ್ತು. ಅವನ ಪ್ರಶ್ನೆಗೆ ಉತ್ತರ ಇಷ್ಟೇ.

ಓಡುವ ಲೋಕಲ್ ಗಾಡಿಯಿಂದ ಇಳಿಯುವವರು ಬೀಳುವುದೂ ಇದೇ ಕಾರಣಕ್ಕೆ. ದೇಹಕ್ಕೆ ಗಾಡಿಯ ವೇಗವಿದೆ. ಪ್ಲಾಟ್‌ಫಾರಂ ಮುಟ್ಟಿದ ಪಾದ ನಿಲ್ಲುತ್ತದೆ, ಮೇಲಿನ ಶರೀರ ನಿಲ್ಲುವುದಿಲ್ಲ. ಎರಡು ನಿಮಿಷ ಉಳಿಸಲು ಹೋಗಿ ಈ ನಿಯಮದ ಜೊತೆ ಪಂಥ ಕಟ್ಟಬೇಡಿ.

ಎರಡನೆಯದು: ಬಲ ಹೆಚ್ಚಿದಷ್ಟೂ ವೇಗದ ಬದಲಾವಣೆ ಹೆಚ್ಚು, ಬದಲಾವಣೆ ಬಲದ ದಿಕ್ಕಿನಲ್ಲಿಯೇ. ಮಸ್ಜಿದ್ ಬಂದರಿನ ಕೈಗಾಡಿಯವರನ್ನು ನೋಡಿದ್ದೀರಲ್ಲ? ಖಾಲಿ ಗಾಡಿಯನ್ನು ಒಂದು ತಳ್ಳಿಗೆ ಓಡಿಸುತ್ತಾರೆ. ಮೂಟೆ ಹೇರಿದ ಮೇಲೆ ಅದೇ ತಳ್ಳಿಗೆ ಗಾಡಿ ಮಿಸುಕುತ್ತದೆ ಅಷ್ಟೆ. ಹೊರಡಿಸುವುದು ಎಷ್ಟು ಕಷ್ಟವೋ ನಿಲ್ಲಿಸುವುದೂ ಅಷ್ಟೇ ಕಷ್ಟ. ಇದಕ್ಕೆ ಗೆಲಿಲಿಯೊನ ವರ್ಗದ ಲೆಕ್ಕ ಸೇರಿಸಿ. ಗಂಟೆಗೆ 30 ಕಿಲೋಮೀಟರ್ ವೇಗದ ಸ್ಕೂಟರು ಬ್ರೇಕು ಹಾಕಿದ ಮೇಲೆ ಓಡುವ ದೂರಕ್ಕಿಂತ, 60ರಲ್ಲಿ ಹೋಗುವ ಅದೇ ಸ್ಕೂಟರು ಅದೇ ಬ್ರೇಕಿಗೆ ಓಡುವ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಮನೆಯ ಹರೆಯದ ಮಕ್ಕಳಿಗೆ ಇದನ್ನೊಮ್ಮೆ ಹೇಳಿ.

ಮೂರನೆಯದು: ಪ್ರತಿಯೊಂದು ಕ್ರಿಯೆಗೂ ಅಷ್ಟೇ ಬಲದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇದೆ. ಎರಡೂ ಸಮ ಎಂದ ಮೇಲೆ ಒಂದನ್ನೊಂದು ಹೊಡೆದುಹಾಕಿ ಏನೂ ಅಲುಗಬಾರದಲ್ಲ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಉತ್ತರ ಏನೆಂದರೆ, ಅವೆರಡೂ ಒಂದೇ ವಸ್ತುವಿನ ಮೇಲೆ ಬೀಳುವುದಿಲ್ಲ. ನಡೆಯುವಾಗ ನಾವು ನೆಲವನ್ನು ಹಿಂದಕ್ಕೆ ಒತ್ತುತ್ತೇವೆ, ನೆಲ ನಮ್ಮನ್ನು ಮುಂದಕ್ಕೆ ದೂಡುತ್ತದೆ. ಮಳೆಗಾಲದ ಒದ್ದೆ ಪ್ಲಾಟ್‌ಫಾರಮಿನಲ್ಲಿ ಕಾಲು ನೆಲವನ್ನು ಸರಿಯಾಗಿ ಒತ್ತಲಾರದು, ನೆಲವೂ ನಮ್ಮನ್ನು ದೂಡಲಾರದು. ಆಗ ಜಾರುತ್ತೇವೆ.

ಈ ನಿಯಮಗಳು ನಿಜವೆ? ಪರೀಕ್ಷೆ ಆಕಾಶದಲ್ಲಿ ನಡೆಯಿತು. 1682ರಲ್ಲಿ ಕಂಡ ಧೂಮಕೇತು ಹಿಂದೆ 1531 ಮತ್ತು 1607ರಲ್ಲಿ ಕಂಡದ್ದೇ ಎಂದು ಹ್ಯಾಲಿ ನ್ಯೂಟನನ ಲೆಕ್ಕದಿಂದ ತಿಳಿದು, ಅದು 1758ರ ಸುಮಾರಿಗೆ ಮತ್ತೆ ಬರುತ್ತದೆ ಎಂದ. ನೋಡಲು ಅವನು ಇರಲಿಲ್ಲ, 1742ರಲ್ಲಿಯೇ ತೀರಿಕೊಂಡ. ಫ್ರಾನ್ಸಿನಲ್ಲಿ ಕ್ಲೇರೊ, ಲಲಾಂದ್ ಮತ್ತು ನಿಕೋಲ್ ರೇನ್ ಲೆಪೋತ್ ಎಂಬ ಮಹಿಳೆ ತಿಂಗಳುಗಟ್ಟಲೆ ಕೂತು, ದಾರಿಯಲ್ಲಿ ಗುರು, ಶನಿ ಗ್ರಹಗಳು ಅದನ್ನು ಎಷ್ಟು ತಡೆಯುತ್ತವೆ ಎಂದು ಲೆಕ್ಕ ಹಾಕಿದರು. ಧೂಮಕೇತು 1758ರ ಕ್ರಿಸ್ಮಸ್ ರಾತ್ರಿ ಕಾಣಿಸಿಕೊಂಡಿತು. 1759ರ ಮಾರ್ಚಿಯಲ್ಲಿ ಸೂರ್ಯನನ್ನು ಸುತ್ತಿತು. ಲೆಕ್ಕಕ್ಕೂ ನಿಜಕ್ಕೂ ಅಂತರ ಸುಮಾರು ಒಂದು ತಿಂಗಳು ಮಾತ್ರ. ಅದೇ 1759ರಲ್ಲಿ ಪ್ರಿನ್ಸಿಪಿಯಾದ ಫ್ರೆಂಚ್ ಅನುವಾದ ಪೂರ್ಣವಾಗಿ ಪ್ರಕಟವಾಯಿತು. ಅದನ್ನು ಮಾಡಿದವಳು ಎಮಿಲಿ ದು ಶಾತ್ಲೆ. 1749ರಲ್ಲಿ ತುಂಬು ಗರ್ಭಿಣಿಯಾಗಿ ಹಗಲಿರುಳು ಕೂತು ಕೆಲಸ ಮುಗಿಸಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದಳು.

ಬೆಳಕಿನ ವೇಗದ ಹತ್ತಿರ ಹೋದಾಗ ನ್ಯೂಟನನ ಲೆಕ್ಕ ಸಾಲದು, ಅಲ್ಲಿ 1905ರ ಐನ್‌ಸ್ಟೈನ್ ಬೇಕು. ಆದರೆ ನಮ್ಮ ದಿನನಿತ್ಯಕ್ಕೆ, ಚಂದ್ರಲೋಕದ ಪ್ರಯಾಣಕ್ಕೆ ಸಹ ಇದೇ ಸಾಕು. 2023ರ ಆಗಸ್ಟ್ 23ರ ಸಂಜೆ ನಾವೆಲ್ಲ ಟಿ.ವಿ. ಮುಂದೆ ಕೂತದ್ದು ನೆನಪಿದೆಯೆ? ಚಂದ್ರಯಾನ-3ರ ವಿಕ್ರಮ್ ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿತ್ತು. ಚಂದ್ರನ ಮೇಲೆ ಗಾಳಿ ಇಲ್ಲ, ಪ್ಯಾರಾಚೂಟು ಬಿಚ್ಚಿ ಪ್ರಯೋಜನವಿಲ್ಲ. ಸಾಗುವ ದಿಕ್ಕಿಗೆ ಎದುರಾಗಿ ಎಂಜಿನಿನ ಉರಿಯನ್ನು ಚಿಮ್ಮಿಸಿದರೆ ಉರಿ ಮುಂದಕ್ಕೆ, ನೌಕೆಗೆ ಹಿಂದಕ್ಕೆ ತಳ್ಳು. ಅದೇ ಮೂರನೆಯ ನಿಯಮ. 2019ರಲ್ಲಿ ಕೊನೆಯ ಗಳಿಗೆಯಲ್ಲಿ ಕೈತಪ್ಪಿದ್ದು ಈ ಬಾರಿ ಮೆಲ್ಲನೆ ಇಳಿಯಿತು. ಅದನ್ನು ನಡೆಸಿದ ನಿಯಂತ್ರಣ ಕೇಂದ್ರ ಬೆಂಗಳೂರಿನಲ್ಲಿದೆ.

ಕೊನೆಯದಾಗಿ ಒಂದು ಮಾತು. ನಮ್ಮ ಮಕ್ಕಳು ಇಲ್ಲಿ ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ಓದುತ್ತಾರೆ. ನಾವು ವೇಗೋತ್ಕರ್ಷ ಎಂದು ಕಲಿತದ್ದು ಅವರಿಗೆ ಆಕ್ಸಿಲರೇಶನ್, ಮರಾಠಿಯಲ್ಲಿ ತ್ವರಣ. ಇದರಿಂದ ನಾವು ಹಿಂಜರಿದು, ಟ್ಯೂಷನ್ನಿನಲ್ಲಿ ಕೇಳು ಎಂದುಬಿಡುತ್ತೇವೆ. ಆದರೆ ಜಡತ್ವ ಎಂಬ ಮಾತು ಮರಾಠಿಯಲ್ಲಿಯೂ ಜಡತ್ವವೇ. ಚಹಾ ಯಾವ ಭಾಷೆಯಲ್ಲಿಯೂ ಮುಂದಕ್ಕೇ ಚೆಲ್ಲುತ್ತದೆ. ನಿಮ್ಮ ಮಗ, ಮಗಳು, ಮೊಮ್ಮಗು ಹೀಗೇನಾದರೂ ಕೇಳಿದರೆ ಕೆಲಸ ಬಿಟ್ಟು ಎರಡು ನಿಮಿಷ ಕೂತು ಯೋಚಿಸಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ನೋಡೋಣ ಬಾ ಎನ್ನಿ. ಗೆಲಿಲಿಯೊ ನೀರು ತೂಗಿದ್ದು ಗೊತ್ತಿಲ್ಲದ್ದಕ್ಕೇ.

ಆ ಹುಡುಗ ಈಗ ಐವತ್ತು ದಾಟಿರಬೇಕು. ಎಲ್ಲಿಯಾದರೂ ಕೇಳುತ್ತಿದ್ದರೆ ಅವನಿಗೊಂದು ಮಾತು: ನಿನ್ನ ಪ್ರಶ್ನೆ ಪರೀಕ್ಷೆಗೆ ಬರುವಂಥದ್ದೇ ಆಗಿತ್ತು, ತಮ್ಮಾ. ತಪ್ಪು ನನ್ನದು.